ನೋವಿಗೆ ಅಂಜಿದ ಕಣ್ಣು

ಮಬ್ಬುಗತ್ತಲಲ್ಲಿ ಹಗ್ಗವನ್ನು ಹಾವೆಂದು ಬಗೆದು ಬೆದರುವವನ ದೃಷ್ಟಾಂತ ನಮ್ಮ ವೇದಾಂತಿಗಳಿಗೆ ಬಲು ಪ್ರಿಯವಾದುದು. ಇಲ್ಲದುದನ್ನು ತೋರಿಸುವುದು ಅಂಜಿಕೆಯ ಒಂದು ಗುಣ. ಆದರೆ ಎದುರಿಗಿರುವುದು ನಿಜವಾದ ಹಾವೇ ಆಗಿದ್ದರೆ? ಆಗ ಅಂಜಿಕೆ ನಮ್ಮ ಕಣ್ಣನ್ನು ಏನು ಮಾಡುತ್ತದೆ?

ಇದಕ್ಕೆ ಚರಿತ್ರೆಯಲ್ಲಿ ಒಂದು ಅಪೂರ್ವ ಸಾಕ್ಷ್ಯವಿದೆ. ಆಂಗ್ಲ ಕಾದಂಬರಿಗಾರ್ತಿ ಫ್ಯಾನಿ ಬರ್ನಿ 1811ರಲ್ಲಿ ತನ್ನ ಫ್ರೆಂಚ್ ಪತಿಯೊಡನೆ ಪ್ಯಾರಿಸಿನಲ್ಲಿದ್ದಳು. ಆಕೆಯ ಸ್ತನದಲ್ಲಿ ಗಡ್ಡೆಯೊಂದು ಕಾಣಿಸಿಕೊಂಡಿತು. ನೆಪೋಲಿಯನ್ನನ ಸೇನೆಯ ಪ್ರಖ್ಯಾತ ಶಸ್ತ್ರವೈದ್ಯ ಲಾರೆ, ಕೊಯ್ದು ತೆಗೆಯುವುದೊಂದೇ ದಾರಿಯೆಂದ. ಪ್ರಜ್ಞೆ ತಪ್ಪಿಸುವ ಔಷಧ ಶಸ್ತ್ರಕ್ರಿಯೆಗೆ ಇನ್ನೂ ಬಂದಿರದ ಕಾಲವದು. ಕಾಯುವ ಸಂಕಟವಾದರೂ ಕಡಿಮೆಯಾಗಲೆಂದು ವೈದ್ಯರು ದಿನವನ್ನು ಮುಂಚಿತವಾಗಿ ತಿಳಿಸಲಿಲ್ಲ. ಸೆಪ್ಟೆಂಬರ್ 30ರಂದು ಕೆಲವೇ ಗಂಟೆ ಮೊದಲು ಸುದ್ದಿ ಕಳಿಸಿದರು.

ಆ ಕೆಲವು ಗಂಟೆಗಳೇ ಸಾಕಾದುವು. ಕೋಣೆಯಲ್ಲಿ ರಾಶಿ ಬಿದ್ದ ಬಟ್ಟೆಪಟ್ಟಿಗಳೂ ಸ್ಪಂಜುಗಳೂ ಆಕೆಯ ಕಣ್ಣಿಗೆ ಬಿದ್ದುವು. ಮಲಗಿಸಿದ ಮೇಲೆ ಮುಖಕ್ಕೆ ಒಂದು ಕರವಸ್ತ್ರವನ್ನು ಹೊದಿಸಿದರು. ಅದು ತೆಳುವಾದ ಬಟ್ಟೆ. ಅದರ ಮೂಲಕವೇ ಸುತ್ತ ನಿಂತ ಏಳು ಮಂದಿ ಗಂಡಸರನ್ನು ಕಂಡಳು. ಉಕ್ಕಿನ ಮಿರುಗನ್ನು ಕಂಡಳು. ಗಾಳಿಯಲ್ಲಿ ಮೊದಲು ಗೆರೆಯನ್ನೂ ಕೊನೆಗೆ ವೃತ್ತವನ್ನೂ ಬರೆದ ಬೆರಳನ್ನು ಕಂಡಳು. ಇಡೀ ಸ್ತನವನ್ನೇ ತೆಗೆಯುವರೆಂಬುದು ಆ ಸನ್ನೆಯಿಂದಲೇ ಆಕೆಗೆ ತಿಳಿದುಹೋಯಿತು. ಇಲ್ಲಿ ಅಂಜಿಕೆ ಸುಳ್ಳು ಹಾವನ್ನು ತೋರಿಸಲಿಲ್ಲ. ಲೋಕವನ್ನೆಲ್ಲ ಮರೆಸಿ ಕತ್ತಿಯೊಂದನ್ನೇ ತೋರಿಸಿತು. ಮರುವರ್ಷ ಅಕ್ಕನಿಗೆ ಇದನ್ನೆಲ್ಲ ದೀರ್ಘ ಪತ್ರದಲ್ಲಿ ಬರೆದಳು. ಬರೆದುದನ್ನು ತಿರುಗಿ ಓದುವ ಧೈರ್ಯ ಮಾತ್ರ ಆಕೆಗೆ ಬರಲಿಲ್ಲ.

1846ರ ಅಕ್ಟೋಬರ್ 16ರಂದು ಬಾಸ್ಟನ್ನಿನ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಈಥರ್ ಪ್ರಯೋಗ ಜನರೆದುರು ಯಶಸ್ವಿಯಾಗಿ, ಶಸ್ತ್ರಕ್ರಿಯೆಯ ಚರಿತ್ರೆಯೇ ಬದಲಾಯಿತು. ನೂರು ವರ್ಷಗಳ ತರುವಾಯ ಅದೇ ಆಸ್ಪತ್ರೆಯ ಅರಿವಳಿಕೆ ತಜ್ಞ ಹೆನ್ರಿ ಬೀಚರ್ ಇನ್ನೊಂದು ಸೋಜಿಗವನ್ನು ವರದಿಮಾಡಿದ. ಎರಡನೆಯ ಮಹಾಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡ ಸೈನಿಕರನ್ನು ಅವನು ಪ್ರಶ್ನಿಸಿದ್ದ. ಸುಮಾರು ಮುಕ್ಕಾಲು ಪಾಲು ಮಂದಿ ನೋವಿಗೆ ಔಷಧ ಬೇಡವೆಂದರು! ಅವರ ದೇಹ ಜಡವಾಗಿತ್ತೆಂದಲ್ಲ. ಸೂಜಿಯನ್ನು ಒರಟಾಗಿ ಚುಚ್ಚಿದರೆ ಅವರೂ ಎಲ್ಲರಂತೆಯೇ ಸಿಡಿಮಿಡಿಗೊಳ್ಳುತ್ತಿದ್ದರು. ಬೀಚರ್ ಹೇಳುವಂತೆ, ಸೈನಿಕನಿಗೆ ಗಾಯವೆಂದರೆ ರಣರಂಗದಿಂದ ಬಿಡುಗಡೆ; ಮನೆಯಿಂದ ಆಸ್ಪತ್ರೆಗೆ ಬಂದವನಿಗೆ ಅದೇ ಕಷ್ಟದ ಮೊದಲು.

ಹಾಗಾದರೆ ನೋವಿನ ಅಳತೆ ಗಾಯದ ಆಳವೊಂದರಿಂದಲೇ ಆಗುವುದಿಲ್ಲ. ಮುಂದೇನು ಕಾದಿದೆಯೆಂದು ಮನಸ್ಸು ಎಣಿಸುತ್ತದೆಯೋ ಅದೂ ಲೆಕ್ಕಕ್ಕೆ ಸೇರುತ್ತದೆ. ಹೆದರಿದ ರೋಗಿಯನ್ನು ಹೇಡಿಯೆಂದು ಹಳಿಯುವವರು ಇದನ್ನು ಅರಿಯಬೇಕು. ದಿನವನ್ನು ಮುಚ್ಚಿಟ್ಟುದಾಗಲಿ, ಮುಖವನ್ನು ಮುಚ್ಚಿದುದಾಗಲಿ ಬರ್ನಿಯ ಅಂಜಿಕೆಯನ್ನು ನೀಗಲಿಲ್ಲ. ಆಕೆ ಬೇಡಿದುದೇ ಬೇರೆ. ದಾದಿಯರನ್ನು ವೈದ್ಯರು ಹೊರಗೆ ಕಳಿಸಹೊರಟಾಗ, ಅವರು ಇರಲೆಂದು ಹಟ ಹಿಡಿದಳು. ಒಬ್ಬಳು ಉಳಿದಳು. ಬರ್ನಿ ಗುಣಹೊಂದಿ 1840ರವರೆಗೆ ಬದುಕಿದಳು. ಕತ್ತಿಯನ್ನೇ ನೋಡುವ ಕಣ್ಣಿಗೆ ನಾವು ಕೊಡಬಹುದಾದುದು ಮುಸುಕಲ್ಲ, ನಂಬತಕ್ಕ ಒಂದು ಮುಖ.