ಕುಬ್ಜನೆಂಬ ಕವಿ

ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಎಂಟು ಮೊಗದ ಶಿಲಾಸ್ತಂಭವನ್ನು ಓದಬೇಕೆನ್ನುವವನು ಮೊದಲು ತನ್ನ ಕತ್ತನ್ನು ಓರೆಮಾಡಬೇಕು. ಅದರ ಅಕ್ಷರಪಂಕ್ತಿಗಳು ಅಡ್ಡಲಾಗಿ ಹರಿಯದೆ ಬುಡದಿಂದ ಮೇಲಕ್ಕೆ ಏರುವುವು. ೧೯೦೨ರಲ್ಲಿ ಬಿ. ಎಲ್. ರೈಸ್ ಮಹಾಶಯರು ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದ ಈ ಶಾಸನದಿಂದಲೇ ಕದಂಬ ವಂಶದ ಮೂಲಕಥೆಯು ಲೋಕಕ್ಕೆ ತಿಳಿದುಬಂದಿತು. ಮಯೂರಶರ್ಮನು ಗುರುವಾದ ವೀರಶರ್ಮನೊಡನೆ ಕಾಂಚಿಯ ಘಟಿಕೆಗೆ ಹೋದುದು, ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಕಲಹವಾದುದು, ದರ್ಭೆ ಹಿಡಿದ ಕೈ ಖಡ್ಗ ಹಿಡಿದುದು ಇವನ್ನು ಪಾಠಶಾಲೆಯ ಬಾಲಕರೂ ಬಲ್ಲರು. ಆ ಕಥೆಯನ್ನು ಕಲ್ಲಿನಲ್ಲಿ ನಿಲ್ಲಿಸಿದವನ ಹೆಸರನ್ನು ಬಲ್ಲವರು ಮಾತ್ರ ವಿರಳ.

ಆತನ ಹೆಸರು ಕುಬ್ಜ. ಐದನೆಯ ಶತಮಾನದ ನಡುಭಾಗದಲ್ಲಿ, ಶಾಂತಿವರ್ಮನ ಆಜ್ಞೆಯಂತೆ ಈ ಕಾವ್ಯವನ್ನು ರಚಿಸಿದವನೂ ಆತನೇ, ಕಲ್ಲಿನ ಮೇಲೆ ಬರೆದವನೂ ಆತನೇ. ಕುಬ್ಜನೆಂದರೆ ಗೂನುಬೆನ್ನಿನವನು, ಗಿಡ್ಡನು. ಶಾಸನವು ಕವಿಯ ಮೈಕಟ್ಟನ್ನು ವರ್ಣಿಸದೆ ಹೆಸರನ್ನಷ್ಟೇ ಹೇಳುವುದು. ಹೆಸರು ಅನ್ವರ್ಥವೋ ರೂಢಿಯೋ ಎಂಬ ವಿಚಾರವು ಹಾಗಿರಲಿ. ಆ ಪದವನ್ನು ಕೇಳಿದೊಡನೆ ರಾಜಸಭೆಯಲ್ಲಿ ಕುಳಿತವರ ಕಣ್ಣಮುಂದೆ ಯಾವ ಆಕೃತಿಯು ನಿಂತೀತೆಂಬುದು ಕವಿಗೆ ತಿಳಿಯದ ಮಾತಲ್ಲ. ಸಂಸ್ಕೃತ ಕವಿಗಳು ಬಿರುದುಗಳಲ್ಲಿ ದಾರಿದ್ರ್ಯವುಳ್ಳವರಲ್ಲ. ಬೇಕಾಗಿದ್ದರೆ ಈತನೂ ಒಂದು ಬಿರುದಿನ ಮರೆಯಲ್ಲಿ ನಿಲ್ಲಬಹುದಾಗಿತ್ತು, ನಿಲ್ಲಲಿಲ್ಲ.

ಇದರ ಬೆಲೆಯನ್ನು ತಿಳಿಯಬೇಕಾದರೆ ಕಾವ್ಯನಾಟಕಗಳಲ್ಲಿ ಕುಬ್ಜರಿಗೆ ದೊರೆತ ಸ್ಥಾನವನ್ನು ನೋಡಬೇಕು. ರಾಮಾಯಣದ ಮಂಥರೆಯ ಗೂನಿಗೂ ಅವಳ ಕುಟಿಲಬುದ್ಧಿಗೂ ಜನರು ಗಂಟುಹಾಕಿರುವರು. ಭಾಗವತದ ಕುಬ್ಜೆಗೆ ಬೆನ್ನು ನೆಟ್ಟಗಾದುದೇ ಭಗವಂತನ ಅನುಗ್ರಹವೆನಿಸಿತು. ಶ್ರೀಹರ್ಷನ ರತ್ನಾವಳಿಯಲ್ಲಿ ಅಂತಃಪುರದ ಕುಬ್ಜರು ಕಟ್ಟು ಕಿತ್ತುಬಂದ ಕಪಿಗೆ ಹೆದರಿ ಅಡಗುವರು, ಪ್ರೇಕ್ಷಕರು ನಗುವರು. ಶಿಲ್ಪಿಗಳಿಗೋ ತಾಳಮಾನದ ಅಳತೆಯೇ ಪ್ರಮಾಣ. ಆದರೆ ಲೋಕವ್ಯವಹಾರವು ಕಾವ್ಯಕ್ಕಿಂತ ಉದಾರವಾಗಿದ್ದುದುಂಟು. ಇಮ್ಮಡಿ ಪುಲಕೇಶಿಯ ತಮ್ಮನೂ, ಏಳನೆಯ ಶತಮಾನದಲ್ಲಿ ವೆಂಗಿಯ ಪೂರ್ವಚಾಲುಕ್ಯ ರಾಜ್ಯಕ್ಕೆ ಮೂಲಪುರುಷನೂ ಆದವನು ಕುಬ್ಜ ವಿಷ್ಣುವರ್ಧನನೆಂದೇ ಚರಿತ್ರೆಯಲ್ಲಿ ಪ್ರಸಿದ್ಧನಾಗಿರುವನು.

ವೈದ್ಯಶಾಸ್ತ್ರವು ಈ ವಿಷಯದಲ್ಲಿ ಏನೆನ್ನುವುದು? ಚರಕಸಂಹಿತೆಯ ಸೂತ್ರಸ್ಥಾನದ ೨೧ನೆಯ ಅಧ್ಯಾಯದಲ್ಲಿ ಎಂಟು ಬಗೆಯ ನಿಂದಿತ ಶರೀರಗಳ ಎಣಿಕೆಯಿದೆ: ಅತಿದೀರ್ಘ, ಅತಿಹ್ರಸ್ವ, ಅತಿರೋಮ, ರೋಮಹೀನ, ಅತಿಕೃಷ್ಣ, ಅತಿಗೌರ, ಅತಿಸ್ಥೂಲ, ಅತಿಕೃಶ. ಅತಿಕೃಷ್ಣನ ಜತೆಯಲ್ಲಿಯೇ ಅತಿಗೌರನೂ ನಿಂತಿರುವುದನ್ನು ಇಂದಿನ ಕನ್ಯಾಪರೀಕ್ಷಕರು ಗಮನಿಸಬೇಕು. ಪಟ್ಟಿಯನ್ನು ಕೊಟ್ಟ ಚರಕನು ಚಿಕಿತ್ಸೆಗೆ ಎತ್ತಿಕೊಳ್ಳುವುದು ಎಂಟರಲ್ಲಿ ಎರಡನ್ನೇ, ಅತಿಸ್ಥೂಲ ಅತಿಕೃಶರನ್ನು. ಏಕೆಂದರೆ ಇವೆರಡು ರೋಗಗಳಿಗೆ ಆಶ್ರಯವಾಗುವುವು. ಉಳಿದ ಆರು ಮಂದಿಗೆ ಮದ್ದಿಲ್ಲ, ಮದ್ದು ಬೇಕಾಗಿಯೂ ಇಲ್ಲ.

ಚರಕನು ಸ್ಥೌಲ್ಯವನ್ನು ಹೊಗಳುವನೆಂದು ತಿಳಿಯಬಾರದು. ಸ್ಥೌಲ್ಯಕ್ಕಿಂತ ಕಾರ್ಶ್ಯವೇ ಲೇಸೆಂದು ಅವನು ಸ್ಪಷ್ಟವಾಗಿ ಹೇಳಿರುವನು. ಆದರೂ ಸ್ಥೂಲನನ್ನು ಹಸಿವಿನಿಂದ ದಂಡಿಸಲು ಅವನು ಒಪ್ಪುವುದಿಲ್ಲ. ಅಂಥವನ ಜಠರಾಗ್ನಿಯು ತೀಕ್ಷ್ಣವಾಗಿರುವುದರಿಂದ ಊಟದ ಹೊತ್ತು ಮೀರಿದರೆ ಘೋರವಾದ ವಿಕಾರಗಳು ತಲೆದೋರುವುವೆಂದು ಎಚ್ಚರಿಸಿ, ಜವೆ, ಸಾಮೆ, ನವಣೆ, ಹಾರಕ, ಹೆಸರು, ಹುರುಳಿಗಳನ್ನು ಉಣ್ಣಿಸಿ, ವ್ಯಾಯಾಮವನ್ನು ಕ್ರಮಕ್ರಮವಾಗಿ ಹೆಚ್ಚಿಸಬೇಕೆನ್ನುವನು. ಕೃಶನಿಗೆ ಹೇಳಿದ ಔಷಧಗಳಲ್ಲಿ ನಿದ್ರೆ, ಸಂತೋಷ, ನಿಶ್ಚಿಂತೆಗಳು ಮುಖ್ಯವಾದುವು. ಉಣ್ಣುವ ಪ್ರಮಾಣವನ್ನಾದರೂ ನಿಶ್ಚಯಿಸುವುದು ಅವರವರ ಅಗ್ನಿಬಲವೇ ಹೊರತು ನೆರೆಮನೆಯವರ ಅಳತೆಯಲ್ಲ. ಇಂದು ಎಷ್ಟೋ ಮನೆಗಳಲ್ಲಿ ಪ್ರಾಯದ ಹೆಣ್ಣುಮಕ್ಕಳು ತೂಕದ ಯಂತ್ರವನ್ನೇರಿ, ಚಿತ್ರಪಟದ ನಟಿಯರೊಡನೆ ತಮ್ಮ ಮೈಯನ್ನು ಹೋಲಿಸಿಕೊಂಡು, ರಾತ್ರಿ ಅಮ್ಮ ಬಡಿಸಿದ ತಟ್ಟೆಯನ್ನು ಅತ್ತ ಸರಿಸಿ ಮಲಗುತ್ತಿರುವರು. ಬಂಧುಗಳು ಕೂಡಿದೆಡೆಯಲ್ಲಿ "ಡುಮ್ಮಿ", "ಕಡ್ಡಿ" ಎಂದು ಕರೆದು ನಗುವ ಹಿರಿಯರು ಇದರ ಹೊಣೆಯಿಂದ ತಪ್ಪಿಸಿಕೊಳ್ಳಲಾರರು.

ತಾಳಗುಂದಕ್ಕೆ ಸಮೀಪದ ಬಳ್ಳಿಗಾವಿಯ ಕೋಡಿಯ ಮಠದ ಶಾಸನವನ್ನೂ ಇಲ್ಲಿ ನೆನೆಯಬೇಕು. ಬಿಜ್ಜಳನ ಕಾಲದ, ಕ್ರಿ.ಶ. ೧೧೬೨ರ ಈ ಶಾಸನವು ಮಠದಲ್ಲಿ ನಡೆಯುತ್ತಿದ್ದ ವ್ಯಾಕರಣ ತರ್ಕಾದಿ ಪಾಠಗಳನ್ನು ಹೇಳಿದ ಮೇಲೆ, ಅಲ್ಲಿ ಅನ್ನ ದೊರೆಯುತ್ತಿದ್ದವರನ್ನು ಹೆಸರಿಸುವುದು: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಅವರ ಬೆನ್ನಲ್ಲಿಯೇ ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು. ದಿಕ್ಕಿಲ್ಲದ ರೋಗಿಗಳ ಚಿಕಿತ್ಸೆಯನ್ನು ಅದು ಬೇರೆಯಾಗಿಯೇ ಹೇಳಿರುವುದು. ಕುಂಟನಿಗೆ ಕುಂಟನಾಗಿದ್ದಂತೆಯೇ ಅನ್ನ, ರೋಗಿಗೆ ರೋಗಕ್ಕಾಗಿ ಔಷಧ. ದೇಹದ ಆಕಾರವು ಒಂದು, ವ್ಯಾಧಿಯು ಮತ್ತೊಂದು ಎಂಬ ವಿವೇಕವು ಮಠದ ಆ ಶಾಸನಕಾರನಿಗೆ ಇತ್ತು.

ತಾಳಗುಂದದ ಕಂಬವು ಅದಕ್ಕೆ ಏಳು ನೂರು ವರ್ಷ ಹಿಂದಿನದು. ಕಾಕುಸ್ಥವರ್ಮನು ಅಲ್ಲಿ ಶಿವಾಲಯದ ಬಳಿ ಕೆರೆಯನ್ನು ತೋಡಿಸಿದುದನ್ನೂ, ಅದಕ್ಕೂ ಹಿಂದೆ ಸಾತಕರ್ಣಿ ಮೊದಲಾದ ಅರಸರು ಆ ದೇವರನ್ನು ಪೂಜಿಸಿದುದನ್ನೂ ಅದು ಹೇಳುವುದು. ಅಷ್ಟು ಮಂದಿ ಅರಸರ ಹೆಸರುಗಳೊಡನೆ, ಅದೇ ಕಲ್ಲಿನಲ್ಲಿ, ಅವೇ ಪೆಟ್ಟಿಗೆತಲೆಯ ಚೆಲುವಾದ ಅಕ್ಷರಗಳಲ್ಲಿ, ಕುಬ್ಜನ ಹೆಸರೂ ಇರುವುದು.