ಬುಧಿ ಕುಂದರನ್ ಅವರ 71

ಬುಧಿಸಾಗರ ಕೃಷ್ಣಪ್ಪ ಕುಂದರನ್ ಅವರ ಬಗ್ಗೆ ಬರೆಯುವವರು ಒಂದು ಅಂಕಿಯನ್ನು ತಪ್ಪದೆ ಎತ್ತಿ ತೋರಿಸುತ್ತಾರೆ: 205. ಮೂಲ್ಕಿಯಲ್ಲಿ ಹುಟ್ಟಿದ ಈ ವಿಕೆಟ್‌ಕೀಪರ್ 1959–60ರ ಋತುವಿನಲ್ಲಿ ರೈಲ್ವೇಸ್ ಪರ ಜಮ್ಮು ಮತ್ತು ಕಾಶ್ಮೀರದ ವಿರುದ್ಧ ತಮ್ಮ ಮೊದಲ ರಣಜಿ ಪಂದ್ಯದಲ್ಲೇ ದ್ವಿಶತಕ ಹೊಡೆದರು. ಅಷ್ಟರ ಮಟ್ಟಿಗೆ ಮಾತು ಸರಿ. ಆದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತ ಬಂದ ಹಾಗೆ ನಡುವೆ 'ರಣಜಿ' ಬಿಟ್ಟುಹೋಗಿ, 'ಪದಾರ್ಪಣೆಯಲ್ಲೇ ದ್ವಿಶತಕ' ಮಾತ್ರ ಉಳಿಯಿತು. ಆಮೇಲೆ ಅದನ್ನು ಜಿ.ಆರ್. ವಿಶ್ವನಾಥ್ ಅವರ 230ರ ಪಕ್ಕದಲ್ಲಿ ಕೂರಿಸುವುದು ರೂಢಿಯಾಯಿತು. ಭದ್ರಾವತಿಯಿಂದ ಒಬ್ಬರು, ಮೂಲ್ಕಿಯಿಂದ ಒಬ್ಬರು, ಇಬ್ಬರದ್ದೂ ಮೊದಲ ಹೆಜ್ಜೆಯಲ್ಲೇ ಇನ್ನೂರು. ಓದಲು ಚೆಂದವಾಗಿದೆ, ಆದರೆ ಎರಡೂ ಒಂದೇ ಜಾತಿಯ ದಾಖಲೆಗಳಲ್ಲ.

ವಿಶ್ವನಾಥ್ 1967ರಲ್ಲಿ ಆಂಧ್ರದ ವಿರುದ್ಧ 230 ಹೊಡೆದಾಗ ಅದು ಅವರ ಮೊತ್ತಮೊದಲ ಪ್ರಥಮ ದರ್ಜೆ ಪಂದ್ಯ. ಕುಂದರನ್ ಅವರ ವಿಷಯ ಹಾಗಲ್ಲ. ಅವರು ರಣಜಿ ಆಡುವ ಮೊದಲೇ ಭಾರತಕ್ಕೆ ಆಡಿದ್ದರು. 1960ರ ಜನವರಿ 1ರಂದು ಬೊಂಬಾಯಿಯ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯದ ಎದುರು ಮೂರನೇ ಟೆಸ್ಟ್ ಶುರುವಾದಾಗ ಸ್ಟಂಪ್‌ಗಳ ಹಿಂದೆ ನಿಂತಿದ್ದವರು ಇಪ್ಪತ್ತು ವರ್ಷ ಮೂರು ತಿಂಗಳಿನ ಕುಂದರನ್. ಟೆಸ್ಟ್ ಪಂದ್ಯವೂ ಪ್ರಥಮ ದರ್ಜೆಯ ಪಂದ್ಯವೇ. ಹಾಗಾಗಿ ಅದಾದ ಮೇಲೆ ಬಂದ 205 ಯಾವ ಲೆಕ್ಕದಲ್ಲೂ ಪ್ರಥಮ ದರ್ಜೆಯ ಪದಾರ್ಪಣೆಯ ರನ್ ಆಗುವುದಿಲ್ಲ. ಇದಕ್ಕೆ ಹಳೆಯ ಕಡತ ತೆಗೆಯಬೇಕಾಗಿಲ್ಲ, 'ರಣಜಿಗಿಂತ ಮೊದಲು ಟೆಸ್ಟ್' ಎಂಬ ಮಾತನ್ನು ತಾವೇ ಬರೆದು, ಅದೇ ಪುಟದಲ್ಲಿ 'ಪದಾರ್ಪಣೆಯಲ್ಲೇ 205' ಎಂದೂ ಬರೆಯುವವರು ಎರಡು ಸಾಲುಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಸಾಕು.

ಅದೇ ಮಾತಿನಿಂದ ಇನ್ನೊಂದು ತಪ್ಪು ಓದೂ ಹುಟ್ಟಿದೆ. ರಣಜಿ ಆಡಿರಲಿಲ್ಲ ಎಂದರೆ ಏನೂ ಆಡಿರಲಿಲ್ಲ, ಕಡಲ ಕರೆಯ ಹುಡುಗ ನೇರವಾಗಿ ಬಂದು ಬೆನೋ ನಾಯಕತ್ವದ ಆಸ್ಟ್ರೇಲಿಯದ ಎದುರು ನಿಂತ ಎಂಬ ಕಥೆ. ಮೂಲ್ಕಿಗೆ ಹತ್ತಿರದ ಬೆಳ್ಮಣ್ ಕಡೆಯವರಿಗೆ ಈ ಕಥೆ ಹಿತವಾಗಿರುವುದು ಸಹಜ. ಅಲ್ಲಿಂದ ಪಡುಬಿದ್ರಿಗೆ ಇಳಿದು ಹೆದ್ದಾರಿಯಲ್ಲಿ ದಕ್ಷಿಣಕ್ಕೆ ತಿರುಗಿ, ಹೆಜಮಾಡಿ ದಾಟಿ, ಶಾಂಭವಿಯ ಸೇತುವೆ ಕಳೆದರೆ ಮೂಲ್ಕಿ. ನೆರೆಯ ಊರಿನವರ ಮೇಲಿನ ಅಭಿಮಾನಕ್ಕೆ ಯಾರೂ ಅಡ್ಡಿ ಹೇಳಬೇಕಾಗಿಲ್ಲ. ಆದರೆ ಕುಂದರನ್ ಹುಟ್ಟಿದ್ದು ಮೂಲ್ಕಿಯಲ್ಲಾದರೂ ಆಟ ಕಲಿತದ್ದು ಬೊಂಬಾಯಿಯಲ್ಲಿ. ಬೆಳ್ಮಣ್, ಮುಂಡ್ಕೂರು, ನಂದಳಿಕೆಯ ಎಷ್ಟೋ ಕುಟುಂಬಗಳು ಹೋಟೆಲು, ಬ್ಯಾಂಕು, ಬಂದರುಕಟ್ಟೆಗಳ ಕೆಲಸ ಹುಡುಕಿಕೊಂಡು ಸೇರಿದ ಬೊಂಬಾಯಿ ಅದು. ಅಲ್ಲಿನ ಶಾಲಾ ಕ್ರಿಕೆಟ್ಟಿಗೆ ಹ್ಯಾರಿಸ್ ಶೀಲ್ಡ್ ಇತ್ತು. (ಮುಂದೆ 1988ರಲ್ಲಿ ತೆಂಡೂಲ್ಕರ್ ಮತ್ತು ಕಾಂಬ್ಳಿ 664 ರನ್ ಜೊತೆಯಾಟ ಆಡಿದ್ದು ಇದೇ ಟೂರ್ನಿಯಲ್ಲಿ.) ತಂದೆಗೆ ಮಗನ ಕ್ರಿಕೆಟ್ ಸರಿಬರುತ್ತಿರಲಿಲ್ಲ, ಶಾಲೆಯ ಪಂದ್ಯಕ್ಕೆ ಬಿಳಿ ಬಟ್ಟೆ ಇಲ್ಲದಾಗ ತಾಯಿ ತಂದೆಯ ಬಟ್ಟೆಯನ್ನೇ ಮಗನ ಅಳತೆಗೆ ಸರಿಮಾಡಿಕೊಟ್ಟರು, ಹುಡುಗ ಆ ದಿನ ಇನ್ನೂರು ದಾಟಿದ ಎಂಬ ಕಥೆ ಅವರ ಬಗೆಗಿನ ಬರಹಗಳಲ್ಲಿ ಬರುತ್ತದೆ. ಇದನ್ನು ಪವಾಡದ ಕಥೆಯಾಗಿ ಓದುವವರು ಮುಖ್ಯ ಸಂಗತಿಯನ್ನೇ ಬಿಡುತ್ತಾರೆ. ಬಟ್ಟೆಗೆ ಗತಿಯಿಲ್ಲದ ಮನೆಯ ಹುಡುಗನಿಗೂ ಆಡಲು ಮೈದಾನ, ಟೂರ್ನಿ, ಎದುರಾಳಿಗಳು ಇದ್ದ ಊರು ಅದಾಗಿತ್ತು.

ಹಾಗಿದ್ದೂ ಅವರು ಬೊಂಬಾಯಿ ಪರ ರಣಜಿ ಆಡಲಿಲ್ಲವೇಕೆ? ಈ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಬೊಂಬಾಯಿ 1958–59ರಿಂದ 1972–73ರವರೆಗೆ ಸತತ ಹದಿನೈದು ಬಾರಿ ರಣಜಿ ಟ್ರೋಫಿ ಗೆದ್ದ ತಂಡ. ಅದರ ಕೀಪರ್ ನರೇನ್ ತಮ್ಹಾಣೆ, ಭಾರತಕ್ಕೂ ಕೀಪಿಂಗ್ ಮಾಡಿದವರು. ಹನ್ನೊಂದು ಜನರಲ್ಲಿ ಕೀಪರ್‌ಗಿರುವ ಜಾಗ ಒಂದೇ. ಬ್ಯಾಟ್ಸ್‌ಮನ್ ಆಗಿದ್ದರೆ ಆರನೆಯವನಾಗಿ ನುಸುಳಬಹುದು, ಕೀಪರ್ ಕಾಯುವುದು ಬಿಟ್ಟರೆ ಬೇರೆ ಊರು ಹುಡುಕಬೇಕು. ರಣಜಿ ಅನುಭವದ ಕೊರತೆಯನ್ನು ಅನುಭವವೇ ಇಲ್ಲದಿರುವುದು ಎಂದು ಓದುವುದು ಈ ಕಾರಣಕ್ಕೇ ತಪ್ಪು. ಬಾಗಿಲು ಮುಚ್ಚಿದ್ದರಿಂದ ಒಳಗೆ ಹೋಗಲಿಲ್ಲ, ಅಷ್ಟೆ. ನಾಲ್ಕು ದಶಕ ಕಳೆದು ಪಾರ್ಥಿವ್ ಪಟೇಲ್ ಕೂಡ ರಣಜಿಗಿಂತ ಮೊದಲು, 2002ರಲ್ಲಿ, ಟೆಸ್ಟ್ ಆಡಿದರು. ಅವರೂ ಕೀಪರ್.

ಈಗ 205ರ ತೂಕ. ರೈಲ್ವೇಸ್ ರಣಜಿಗೆ ಬಂದದ್ದು 1958–59ರಲ್ಲಿ, ಜಮ್ಮು ಮತ್ತು ಕಾಶ್ಮೀರ 1959–60ರಲ್ಲಿ. ಅಂದರೆ ಕುಂದರನ್ ದ್ವಿಶತಕ ಹೊಡೆದದ್ದು ರಣಜಿಯ ಮೊದಲ ಋತು ಆಡುತ್ತಿದ್ದ ತಂಡದ ಮೇಲೆ. ರನ್ನುಗಳನ್ನು ಯಾರೂ ಸುಮ್ಮನೆ ಕೊಡುವುದಿಲ್ಲ, ಇನ್ನೂರು ಹೊಡೆಯಲು ಅಷ್ಟು ಹೊತ್ತು ನಿಲ್ಲಲೇಬೇಕು. ಆದರೂ ಒಬ್ಬ ಆಟಗಾರನ ಆರಂಭದ ವರ್ಷಗಳನ್ನು ಅಳೆಯಲು ಇದನ್ನೇ ಕೋಲು ಮಾಡಿಕೊಳ್ಳುವುದು ಸಲ್ಲದು, ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಅದೇ ಋತುವಿನಲ್ಲಿ ಇರುವಾಗ.

ಆ ಸಾಕ್ಷ್ಯ ಇರುವುದು 1960ರ ಜನವರಿ 13ರಂದು ಮದರಾಸಿನ ಕಾರ್ಪೊರೇಷನ್ ಕ್ರೀಡಾಂಗಣದಲ್ಲಿ ಶುರುವಾದ ನಾಲ್ಕನೇ ಟೆಸ್ಟ್‌ನ ಸ್ಕೋರು ಪಟ್ಟಿಯಲ್ಲಿ. ಆಸ್ಟ್ರೇಲಿಯ 342. ಭಾರತ 149 ಮತ್ತು 138. ಇನ್ನಿಂಗ್ಸ್ ಮತ್ತು 55 ರನ್ ಸೋಲು. ಸೋತ ಪಂದ್ಯವೆಂದು ಬರೆಹಗಾರರು ಬೇಗ ದಾಟಿಬಿಡುತ್ತಾರೆ. ನಿಧಾನಿಸಿ ನೋಡಬೇಕಾದದ್ದು ಮೊದಲ ಇನ್ನಿಂಗ್ಸ್. ಎರಡನೇ ಟೆಸ್ಟ್ ಆಡುತ್ತಿದ್ದ ಕೀಪರನ್ನು ಇನ್ನಿಂಗ್ಸ್ ಆರಂಭಿಸಲು ಕಳುಹಿಸಲಾಯಿತು. 149ರಲ್ಲಿ ಅವರದ್ದು 71. ಉಳಿದ ಹತ್ತು ಮಂದಿ ಮತ್ತು ಇತರೆ ರನ್ ಎಲ್ಲ ಸೇರಿ 78. ಎದುರಿಗಿದ್ದವರಲ್ಲಿ ಎಡಗೈ ವೇಗಿ ಆಲನ್ ಡೇವಿಡ್ಸನ್ ಮತ್ತು ಲೆಗ್ ಸ್ಪಿನ್ ಎಸೆಯುವ ನಾಯಕ ರಿಚಿ ಬೆನೋ, ಆ ಸರಣಿಯ ಐದು ಟೆಸ್ಟ್‌ಗಳಲ್ಲಿ ತಲಾ 29 ವಿಕೆಟ್ ಕಿತ್ತವರು.

ತಂಡದ ಮೊತ್ತದ ಹೆಚ್ಚುಕಡಿಮೆ ಅರ್ಧ ಭಾಗ, ಅದೂ ಹೊಸ ಚೆಂಡಿನ ಎದುರು, ಅದೂ ಇಂಥ ಬೌಲಿಂಗ್ ಎದುರು. 205ನ್ನು ಮುಂದಿಡುವವರು ಈ 71ನ್ನು ಅಡಿಟಿಪ್ಪಣಿಯಾಗಿ ಇಟ್ಟಿರುವುದು ಅಂಕಿಯ ಗಾತ್ರಕ್ಕೆ ಮರುಳಾಗಿ ಎನ್ನದೆ ಬೇರೆ ದಾರಿಯಿಲ್ಲ.

'ಒಂದು ಇನ್ನಿಂಗ್ಸಿನಿಂದ ಏನು ಸಾಬೀತಾಗುತ್ತದೆ, ಬಾರಿಸಿದ್ದು ಬ್ಯಾಟಿಗೆ ಸಿಕ್ಕಿರಬಹುದು' ಎಂದು ಆಕ್ಷೇಪಿಸಬಹುದು. ನ್ಯಾಯವಾದ ಆಕ್ಷೇಪವೇ. ಉತ್ತರ ಅದೇ ಮೈದಾನದಲ್ಲಿದೆ. ನಡುವೆ 1961ರ ಡಿಸೆಂಬರ್‌ನಲ್ಲಿ ಫಾರೂಕ್ ಇಂಜಿನಿಯರ್ ಟೆಸ್ಟ್‌ಗೆ ಬಂದು ಕುಂದರನ್ ಅವರ ಜಾಗಕ್ಕೆ ಪೈಪೋಟಿ ಹುಟ್ಟಿತ್ತು. 1964ರ ಜನವರಿ 10ರಂದು ಇಂಗ್ಲೆಂಡ್ ವಿರುದ್ಧ ಮದರಾಸಿನ ಅದೇ ಕಾರ್ಪೊರೇಷನ್ ಕ್ರೀಡಾಂಗಣದಲ್ಲಿ ಕುಂದರನ್ ಮತ್ತೆ ಆರಂಭಿಕರಾಗಿ ಇಳಿದರು. ಮೊದಲ ದಿನ ಮುಗಿದಾಗ ಅಜೇಯ 170, ಔಟಾದಾಗ 192. ಆ ಸರಣಿಯಲ್ಲಿ ಇನ್ನೊಂದು ಶತಕವೂ ಸೇರಿ 525 ರನ್ ಆಯಿತು. ಭಾರತದ ಕೀಪರ್‌ಗಳಲ್ಲಿ 192ನ್ನು ಮೀರಿಸಲು 2013ರಲ್ಲಿ ಚೆನ್ನೈಯ ಚೆಪಾಕ್‌ನಲ್ಲಿ ಧೋನಿ 224 ಹೊಡೆಯುವವರೆಗೆ ಕಾಯಬೇಕಾಯಿತು. 71ರಲ್ಲಿ ಕಂಡ ಧೈರ್ಯವೇ ನಾಲ್ಕು ವರ್ಷಗಳಲ್ಲಿ 192 ಆಗಿ ಬೆಳೆದದ್ದು. 205ರಿಂದ 192ಕ್ಕೆ ಅಂಥ ದಾರಿ ಎಳೆಯಲು ಬರುವುದಿಲ್ಲ.

(ಆ ಟೆಸ್ಟ್ ಬಾಪು ನಾಡಕರ್ಣಿ ಸತತ 21 ಮೇಡನ್ ಎಸೆದದ್ದಕ್ಕೇ ಹೆಚ್ಚು ಪ್ರಸಿದ್ಧವಾಗಿರುವುದು ಕುಂದರನ್ ಅವರಿಗೆ ಆದ ಇನ್ನೊಂದು ಅನ್ಯಾಯ. ನಾಡಕರ್ಣಿಯವರ 32 ಓವರುಗಳಿಗೆ 5 ರನ್ ಎಂಬ ಲೆಕ್ಕ ಅಪೂರ್ವವೇ, ಆದರೆ ಅವರು ಹಾಗೆ ಕಟ್ಟಿಹಾಕುವಂತಾದದ್ದು ಬೆನ್ನ ಹಿಂದೆ 457 ರನ್ ಇದ್ದುದರಿಂದ.)

ಕೊನೆಗೆ, ಅವರನ್ನು 'ಮೈಸೂರಿನ ಕೊಡುಗೆ' ಎನ್ನುವವರಿಗೆ. ಹದಿನೆಂಟು ಟೆಸ್ಟ್, 981 ರನ್, 23 ಕ್ಯಾಚ್, 7 ಸ್ಟಂಪಿಂಗ್ ಎಂಬ ಒಟ್ಟು ಲೆಕ್ಕದಲ್ಲಿ ಮೈಸೂರು ತಂಡದ ವರ್ಷಗಳಿಗೂ ಪಾಲಿದೆ. 1967ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಬ್ಯಾಟಿಂಗನ್ನೂ ಬೌಲಿಂಗನ್ನೂ ಆರಂಭಿಸಿದ ಅಪರೂಪದ ಟೆಸ್ಟ್ ಬಂದದ್ದು ಆ ಕಾಲದಲ್ಲೇ, ಮೈಸೂರಿನವರೇ ಆದ ವಿ. ಸುಬ್ರಹ್ಮಣ್ಯ ಅವರ ಜೊತೆ ಹೊಸ ಚೆಂಡು ಹಂಚಿಕೊಂಡು. ಆಮೇಲೆ ಅವರು ಸ್ಕಾಟ್ಲೆಂಡಿನ ಡ್ರಂಪೆಲಿಯರ್ ಕ್ಲಬ್ಬಿಗೆ ವೃತ್ತಿ ಆಟಗಾರರಾಗಿ ಹೋದರು, 2006ರಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡರು. ಆದರೆ ಆರಂಭದ ವರ್ಷಗಳ ಮಟ್ಟಿಗೆ ಮೈಸೂರಿಗೆ ಹಕ್ಕಿಲ್ಲ. ಅವರು ಮೈಸೂರು ತಂಡ ಸೇರುವಷ್ಟರಲ್ಲಿ 71 ಆಗಿತ್ತು, 205 ಆಗಿತ್ತು, 192ನ್ನೂ ಬಾರಿಸಿ ಆಗಿತ್ತು.