ಸೋದರತ್ತೆಗೆ ಕೇಳಿದ ಪ್ರಶ್ನೆಗಳು

ನಮ್ಮ ಸೋದರತ್ತೆಯನ್ನು ಬಂಧುಗಳಲ್ಲಿ ಅನೇಕರು ಬಲ್ಲಿರಿ. ಅವರು ಅಕ್ಷರ ಕಲಿತವರಲ್ಲ. ಹಾಲಿನ ಲೆಕ್ಕವನ್ನು ಗೋಡೆಯ ಮೇಲೆ ಸುಣ್ಣದ ಬೊಟ್ಟಿಟ್ಟು ನಡೆಸಿದವರು. ಮರೆವು ಹೆಚ್ಚಿತೆಂದು 1998ರಲ್ಲಿ ಅವರನ್ನು ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಇಂದು ಯಾವ ತಾರೀಖು ಎಂದು ಕೇಳಿದರೆ "ಶ್ರಾವಣ ಬಹುಳ ಪಂಚಮಿ" ಎಂದರು. ತಪ್ಪೆಂದು ಬರೆದುಕೊಂಡರು. ನೂರರಿಂದ ಏಳೇಳನ್ನು ಕಳೆಯುತ್ತ ಹೋಗಿ ಎಂದಾಗ ಸುಮ್ಮನಾದರು. ಒಂದು ವಾಕ್ಯ ಬರೆಯಿರೆಂದು ಲೇಖನಿ ಕೊಟ್ಟಾಗ ನನ್ನ ಮುಖ ನೋಡಿದರು. ಮರೆಗುಳಿ ರೋಗವೆಂದು ತೀರ್ಮಾನವಾಯಿತು. ಮನೆಗೆ ಬಂದು ಉಗ್ರಾಣದ ಬೀಗದಕೈಯನ್ನು ಅವರಿಂದ ಇಸಿದುಕೊಂಡವನು ನಾನೇ.

ಆ ಪ್ರಶ್ನೆಗಳ ಚರಿತ್ರೆಯನ್ನು ನಾನು ಓದಿದ್ದು ನಿವೃತ್ತನಾದ ಮೇಲೆ. ಅಮೆರಿಕದ ಫೋಲ್‌ಸ್ಟೈನ್ ದಂಪತಿಗಳೂ ಮೆಕ್‌ಹ್ಯೂ ಎಂಬವರೂ 1975ರಲ್ಲಿ ಪ್ರಕಟಿಸಿದ ಕಿರುಪರೀಕ್ಷೆ ಅದು. ಒಟ್ಟು 30 ಅಂಕ, ಕೆಲವೇ ನಿಮಿಷಗಳ ಕೆಲಸ. 24ಕ್ಕಿಂತ ಕಡಿಮೆ ಬಂದರೆ ಸಂಶಯಪಡುವುದು ರೂಢಿಯಾಯಿತು. ಆದರೆ 1993ರಲ್ಲಿ ಅಮೆರಿಕದಲ್ಲಿಯೇ 18,000ಕ್ಕೂ ಹೆಚ್ಚು ವಯಸ್ಕರ ಅಂಕಗಳನ್ನು ಪರಿಶೀಲಿಸಿದಾಗ, ಒಂಬತ್ತು ವರ್ಷಕ್ಕೆ ಕಡಿಮೆಯಿಲ್ಲದೆ ಓದಿದವರ ನಡುವಣ ಅಂಕ 29 ಇದ್ದರೆ, ನಾಲ್ಕು ವರ್ಷದೊಳಗೆ ಶಾಲೆ ಬಿಟ್ಟವರದು 22 ಎಂದು ಕಂಡುಬಂತು. ಮಿದುಳನ್ನು ಅಳೆಯುತ್ತೇವೆಂದುಕೊಂಡು ಎಷ್ಟೋ ಮಟ್ಟಿಗೆ ನಮ್ಮಂಥ ಮೇಷ್ಟರ ಕೆಲಸವನ್ನೇ ಅಳೆಯುತ್ತಿದ್ದರು!

ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ವೃದ್ಧರ ಮರೆವನ್ನು ಅಧ್ಯಯನ ಮಾಡಹೊರಟ ಮೇರಿ ಗಂಗೂಲಿಯವರ ತಂಡಕ್ಕೆ ಇದೇ ತೊಡಕು ಎದುರಾಯಿತು. ಅಲ್ಲಿಯ ವೃದ್ಧರಲ್ಲಿ ಬಹುಪಾಲು ನಿರಕ್ಷರಿಗಳು. 1995ರಲ್ಲಿ ಪ್ರಕಟವಾದ ಅವರ ಹಿಂದಿ ಪರೀಕ್ಷೆಯಲ್ಲಿ ಏಳೇಳು ಕಳೆಯುವ ಬದಲು ವಾರದ ದಿನಗಳನ್ನು ಹಿಂದಿನಿಂದ ಹೇಳಬೇಕು. "ಕಣ್ಣು ಮುಚ್ಚಿ" ಎಂಬ ಬರಹವನ್ನು ಓದಿ ಹಾಗೆಯೇ ಮಾಡುವುದಕ್ಕೆ ಬದಲಾಗಿ, ಪರೀಕ್ಷಕರು ಕಣ್ಣು ಮುಚ್ಚಿದುದನ್ನು ನೋಡಿ ತಾವೂ ಮುಚ್ಚಬೇಕು. ವಾಕ್ಯ ಬರೆಯುವ ಕಡೆ, ತಮ್ಮ ಮನೆಯ ವಿಷಯವಾಗಿ ಏನಾದರೂ ಹೇಳಿದರಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2004ರಲ್ಲಿ ಹೊರತಂದ ವಿಸ್ತಾರವಾದ ಪರೀಕ್ಷಾಮಾಲೆಯಲ್ಲಿಯೂ ವಯಸ್ಸು, ಲಿಂಗಗಳ ಜೊತೆಗೆ ವಿದ್ಯಾಭ್ಯಾಸಕ್ಕೆ ತಕ್ಕಂತೆ ಬೇರೆ ಬೇರೆ ಮಾನದಂಡಗಳಿವೆ.

ಅತ್ತೆಗೆ ರೋಗವೇ ಇರಲಿಲ್ಲವೆಂದು ನಾನು ವಾದಿಸಲಾರೆ. ಒಲೆಯ ಮೇಲಿಟ್ಟ ಹಾಲನ್ನು ಅವರು ಮರೆಯುತ್ತಿದ್ದುದು ನಿಜ. ಆದರೆ ಆ ದಿನ ಅಲ್ಲಿ ಯಾರೂ ಅವರ ಮನೆಯ ವಿಷಯ ಕೇಳಲಿಲ್ಲ. ಕೇಳಿದ್ದರೆ ಕೊಟ್ಟಿಗೆಯ ಹಸುಗಳ ಹೆಸರಿನಿಂದ ಆರಂಭಿಸಿ, ಊಟದ ಹೊತ್ತಾದರೂ ನಿಲ್ಲಿಸುತ್ತಿರಲಿಲ್ಲ.